ಕಬಿನಿಯ ತೀರದ ಕಾಡು



ಬೇಸಗೆಯ ರಜ ಹತ್ತಿರವಾದಂತೆ ಪಟ್ಟಣವಾಸಿಗಳ ಮನೆಗಳಲ್ಲಿ ಪ್ರತಿವರ್ಷವೂ ಒಂದು ಸಮಾಲೋಚನೆ ನಡೆಯುವುದುಂಟು. ಈ ಸಲ ಎಲ್ಲಿಗೆ ಹೋಗಬೇಕು? ಹಿಂದಿನವರಿಗೆ ಈ ಪ್ರಶ್ನೆಯ ಉತ್ತರ ಸುಲಭವಾಗಿತ್ತು: ತೀರ್ಥಕ್ಷೇತ್ರ, ಇಲ್ಲವೆ ಅಜ್ಜಿಯ ಮನೆ. ಈಗ ಇವೆರಡರ ಜೊತೆಗೆ ಮೂರನೆಯ ಉತ್ತರವೊಂದು ಸೇರಿಕೊಂಡಿದೆ. ಅದು ಕಾಡು. ಮೈಸೂರಿನಿಂದ ನೈರುತ್ಯಕ್ಕೆ ಹೊರಟು, ಹೆಗ್ಗಡದೇವನಕೋಟೆ, ಅಂತರಸಂತೆಗಳನ್ನು ದಾಟಿ, ಐವತ್ತು ಮೈಲಿಯೊಳಗೆ ಕಬಿನಿಯ ತೀರದ ಅರಣ್ಯವನ್ನು ಸೇರಬಹುದು. ಅಲ್ಲಿ ಎರಡು ದಿನ ಇದ್ದು, ಆನೆಯ ಹಿಂಡನ್ನು ನೋಡಿ, ಅದೃಷ್ಟವಿದ್ದರೆ ಹುಲಿಯನ್ನೂ ನೋಡಿ ಬರುವವರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ.

ಹೋಗಿಬಂದವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: ‘ಮನುಷ್ಯನ ಕೈ ಸೋಕದ ಪ್ರಕೃತಿಯನ್ನು ಕಂಡೆವು.’ ಈ ಮಾತಿನಲ್ಲಿರುವ ಸಂತೋಷ ನಿಜವಾದದ್ದು. ಆದರೆ ಮಾತು ನಿಜವಲ್ಲ. ಆ ಕಾಡಿನಲ್ಲಿ ನಾವು ಕಾಣುವ ಎಷ್ಟೋ ಸಂಗತಿಗಳ ಹಿಂದೆ ಮನುಷ್ಯನ ಕೈ ಇದೆ. ಕೆಲವೆಡೆ ಕೊಟ್ಟ ಕೈ, ಕೆಲವೆಡೆ ಕಿತ್ತುಕೊಂಡ ಕೈ. ಅದನ್ನು ತಿಳಿದು ನೋಡುವವನಿಗೂ ತಿಳಿಯದೆ ನೋಡುವವನಿಗೂ ಬಹಳ ಅಂತರವುಂಟು. ಅದನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಮೊದಲು ನೆಲದ ಪರಿಚಯ. ಕಪಿಲಾ ಎಂದೂ ಕರೆಯಿಸಿಕೊಳ್ಳುವ ಕಬಿನಿ ಹೊಳೆ ಕೇರಳದ ವಯನಾಡಿನಲ್ಲಿ ಹುಟ್ಟಿ, ಪೂರ್ವಾಭಿಮುಖವಾಗಿ ಹರಿದು, ನಂಜನಗೂಡನ್ನು ಮುಟ್ಟಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಈ ಹೊಳೆ ಕನ್ನಡ ನಾಡನ್ನು ಹೊಗುವ ಎಡೆಯಲ್ಲಿ ಉತ್ತರದ ದಡದ ಕಡೆಗೆ ನಾಗರಹೊಳೆಯ ಅರಣ್ಯ, ದಕ್ಷಿಣಕ್ಕೆ ಬಂಡೀಪುರದ ಅರಣ್ಯ. ನಾಗರಹೊಳೆಯ ರಾಷ್ಟ್ರೀಯ ಉದ್ಯಾನದ ವಿಸ್ತಾರ ಸುಮಾರು ೬೪೩ ಚದರ ಕಿಲೋಮೀಟರು. ಬಂಡೀಪುರದ್ದು ಸುಮಾರು ೮೭೪. ಬಂಡೀಪುರಕ್ಕೆ ಅಂಟಿಕೊಂಡು ತಮಿಳುನಾಡಿನ ಮುದುಮಲೆ, ಪಶ್ಚಿಮಕ್ಕೆ ವಯನಾಡು. ಮೂರು ರಾಜ್ಯಗಳ ಗಡಿಗಳು ನಮ್ಮ ನಕ್ಷೆಯಲ್ಲಿವೆಯೇ ಹೊರತು ಆನೆಯ ನಕ್ಷೆಯಲ್ಲಿಲ್ಲ. ಮಳೆಗಾಲದಲ್ಲಿ ಒಂದು ರಾಜ್ಯದಲ್ಲಿ ಮೇಯ್ದ ಹಿಂಡು ಬೇಸಗೆಯಲ್ಲಿ ಇನ್ನೊಂದರಲ್ಲಿ ನೀರು ಕುಡಿಯುತ್ತದೆ. ೧೯೮೬ರಲ್ಲಿ ಈ ಅರಣ್ಯಗಳೆಲ್ಲವನ್ನೂ ಒಳಗೊಂಡಂತೆ ನೀಲಗಿರಿ ಜೀವಗೋಳ ಮೀಸಲು ಪ್ರದೇಶವನ್ನು ಏರ್ಪಡಿಸಿದ್ದಕ್ಕೆ ಇದೇ ಕಾರಣ.

ಪಶ್ಚಿಮದಿಂದ ಪೂರ್ವಕ್ಕೆ ಬಂದಂತೆ ಮಳೆ ಕಡಮೆಯಾಗುತ್ತದೆ. ಮಳೆಯೊಡನೆ ಕಾಡಿನ ಮುಖವೂ ಬದಲಾಗುತ್ತದೆ. ಕೊಡಗಿನ ಕಡೆಯಲ್ಲಿ ಮರಗಳು ಎತ್ತರ, ನೆರಳು ದಟ್ಟ. ಮತ್ತಿ, ಹೊನ್ನೆ, ಬೀಟೆ, ನಂದಿ, ತೇಗಗಳು ಅಲ್ಲಿ ಮುಗಿಲಿಗೆ ಏರಿ ನಿಂತಿವೆ. ಬಂಡೀಪುರದ ಕಡೆಗೆ ಬಂದರೆ ಮರಗಳು ಗಿಡ್ಡವಾಗಿ, ದೂರದೂರವಾಗಿ, ನಡುವೆ ಹುಲ್ಲು ಕಾಣಿಸಿಕೊಳ್ಳುತ್ತದೆ. ದಿಂಡಿಗ, ಕಕ್ಕೆ, ನೆಲ್ಲಿ, ಮುತ್ತುಗಗಳು ಹೆಚ್ಚು. ಈ ಕಾಡು ನಿತ್ಯಹರಿದ್ವರ್ಣದ್ದಲ್ಲ. ಮಾಘಮಾಸ ಕಳೆಯುವ ವೇಳೆಗೆ ಎಲೆಯುದುರಿಸಿ ಬೋಳಾಗಿ ನಿಲ್ಲತಕ್ಕದ್ದು. ಹಸುರನ್ನೇ ನಿರೀಕ್ಷಿಸಿ ಬೇಸಗೆಯಲ್ಲಿ ಹೋದವರಿಗೆ ‘ಇದೇನು, ಕಾಡು ಒಣಗಿಹೋಗಿದೆ!’ ಎಂದು ನಿರಾಶೆಯಾಗುವುದುಂಟು. ಅದು ಒಣಗಿದ್ದಲ್ಲ, ನೀರನ್ನು ಉಳಿಸಿಕೊಳ್ಳುವ ಮರಗಳ ಉಪಾಯ. ಆ ಬೋಳು ಕಾಡಿನ ನಡುವೆ ಮುತ್ತುಗ ಕೆಂಪಾಗಿ ಹೂಬಿಟ್ಟು ನಿಂತದ್ದನ್ನು ನೋಡಿದವರು ಅದನ್ನು ಮರೆಯಲಾರರು. ಗುಡ್ಡಗಳ ನಡುವಣ ತಗ್ಗುಗಳಲ್ಲಿ ಮರವಿಲ್ಲದೆ ಜೌಗು ನೆಲವೂ ಹುಲ್ಲೂ ಇರುವ ಬಯಲುಗಳುಂಟು. ಇವಕ್ಕೆ ಆ ಕಡೆಯವರು ಹಡ್ಲು ಎನ್ನುತ್ತಾರೆ. ಉಳಿದ ಕಡೆ ನೆಲ ಒಣಗಿದಾಗಲೂ ಹಡ್ಲುಗಳಲ್ಲಿ ತೇವವಿರುತ್ತದೆ. ಜಿಂಕೆ, ಕಾಟಿ, ಆನೆಗಳು ಅಲ್ಲಿಗೆ ಬರುವುದು ಇದರಿಂದಲೇ.

ಇನ್ನು ಮನುಷ್ಯನ ಕೈಯ ವಿಷಯ. ಈ ಅರಣ್ಯದ ಬಹುಭಾಗ ಮೈಸೂರಿನ ಅರಸರ ಬೇಟೆಯ ಕಾಡಾಗಿತ್ತು. ಇಲ್ಲಿಯ ಕಾಕನಕೋಟೆಯ ಹೆಸರು ದೇಶಾಂತರಗಳಲ್ಲಿ ಪ್ರಸಿದ್ಧವಾದದ್ದು ಖೆಡ್ಡದಿಂದ. ಕಾಡಾನೆಗಳನ್ನು ಹಿಂಡುಹಿಂಡಾಗಿ ಹಿಡಿಯುವ ಕೆಲಸಕ್ಕೆ ಖೆಡ್ಡವೆಂದು ಹೆಸರು. ಮೈಸೂರು ಸೀಮೆಯಲ್ಲಿ ಇದನ್ನು ಮೊದಲು ಯಶಸ್ವಿಯಾಗಿ ನಡೆಸಿದವನು ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿ. ೧೮೭೩-೭೪ರಲ್ಲಿ ಚಾಮರಾಜನಗರದ ಕಡೆ ಅವನು ಮಾಡಿದ ಪ್ರಯತ್ನವೇ ಮುಂದಿನ ಖೆಡ್ಡಗಳಿಗೆಲ್ಲ ಮೇಲ್ಪಂಕ್ತಿಯಾಯಿತು. ಕಾಕನಕೋಟೆಯಲ್ಲಿ ಹೊಳೆಯನ್ನೇ ಉಪಾಯಕ್ಕೆ ಬಳಸಿಕೊಂಡರು. ನೂರಾರು ಮಂದಿ ಸೋವುಗಾರರು ತಮಟೆ ಬಾರಿಸಿ, ಬೆಂಕಿ ಹಾಕಿ, ದಿನಗಟ್ಟಲೆ ಸುತ್ತುವರಿದು ಹಿಂಡನ್ನು ಹೊಳೆಗೆ ಇಳಿಸುವರು. ಎದುರು ದಡದಲ್ಲಿ ಮರದ ದಿಮ್ಮಿಗಳ ಭದ್ರವಾದ ದೊಡ್ಡಿ. ಆನೆಗಳು ಈಜಿ ದಡ ಹತ್ತಿ ಒಳಗೆ ನುಗ್ಗಿದೊಡನೆ ಬಾಗಿಲು ಬೀಳುವುದು. ಅನಂತರ ಪಳಗಿದ ಆನೆಗಳ ಮೇಲೆ ಕುಳಿತ ಮಾವುತರು ಒಳಗೆ ಹೊಕ್ಕು, ಒಂದೊಂದನ್ನೇ ಹಗ್ಗದಿಂದ ಬಿಗಿದು ಹೊರಗೆ ತರುವರು. ಇದನ್ನು ನೋಡಲು ರಾಜಪ್ರತಿನಿಧಿಗಳೂ ಯೂರೋಪಿನ ರಾಜಕುಮಾರರೂ ಬರುತ್ತಿದ್ದರು. ಅವರಿಗಾಗಿ ಹೊಳೆಯ ದಡದಲ್ಲಿ ಅಟ್ಟಣೆ ಕಟ್ಟುತ್ತಿದ್ದರು. ಅಂದರೆ ಕಬಿನಿಯ ತೀರಕ್ಕೆ ವಿನೋದಕ್ಕಾಗಿ ಜನ ಬರುವುದು ಹೊಸದಲ್ಲ. ಬಂದವರು ಏನನ್ನು ನೋಡಬಯಸಿದರು ಎಂಬುದಷ್ಟೇ ಬದಲಾಗಿದೆ.

ಕೊನೆಯ ಖೆಡ್ಡ ನಡೆದದ್ದು ೧೯೭೧ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು, ೧೯೬೮ರಲ್ಲಿ, ಕಾಕನಕೋಟೆಯಲ್ಲಿ ಸೆರೆಸಿಕ್ಕ ಮರಿಯಾನೆಯೊಂದಕ್ಕೆ ಅರ್ಜುನ ಎಂದು ಹೆಸರಿಟ್ಟರು. ಈ ಅರ್ಜುನನೇ ಬೆಳೆದು, ಬಳ್ಳೆಯ ಆನೆಶಿಬಿರದಲ್ಲಿದ್ದುಕೊಂಡು, ೨೦೧೨ರಿಂದ ೨೦೧೯ರವರೆಗೆ ಎಂಟು ವರ್ಷ ಮೈಸೂರಿನ ದಸರೆಯಲ್ಲಿ ಚಿನ್ನದ ಅಂಬಾರಿಯನ್ನು ಹೊತ್ತವನು. ಅಂಬಾರಿಯ ತೂಕ ಸುಮಾರು ೭೫೦ ಕಿಲೋ. ೨೦೨೩ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಕಾಡಾನೆಯನ್ನು ಹಿಡಿಯುವ ಕಾರ್ಯಾಚರಣೆಗೆ ಅವನನ್ನು ಒಯ್ದಿದ್ದರು. ಅಲ್ಲಿ ಮದವೇರಿದ ಸಲಗದೊಡನೆ ಕಾದಾಡಿ ಸತ್ತನು. ಕಾಡಿನಲ್ಲಿ ಹುಟ್ಟಿ, ಕಾಡಾನೆಯಾಗಿದ್ದಾಗ ಸೆರೆಯಾಗಿ, ಕೊನೆಗೆ ಮತ್ತೊಂದು ಕಾಡಾನೆಯನ್ನು ಸೆರೆಹಿಡಿಯುವ ಕೆಲಸದಲ್ಲಿ ಪ್ರಾಣಬಿಟ್ಟ ಈ ಪ್ರಾಣಿಯ ಚರಿತ್ರೆಯಲ್ಲಿ ನಮ್ಮ ನಾಡಿಗೂ ಆನೆಗಳಿಗೂ ಇರುವ ಸಂಬಂಧವೆಲ್ಲ ಅಡಗಿದೆ. ಜಂಬೂಸವಾರಿಯ ದಿನ ಬೀದಿಯ ಬದಿಯಲ್ಲಿ ನಿಂತು ಕೈಮುಗಿದ ನಾವೆಲ್ಲರೂ ಆ ಚರಿತ್ರೆಗೆ ಸೇರಿದವರೇ.

ಕೊಡಲಿಯ ಕೆಲಸವನ್ನೂ ಹೇಳಬೇಕು. ಹತ್ತೊಂಬತ್ತನೆಯ ಶತಮಾನದಿಂದ ಮೊದಲುಗೊಂಡು ಈ ಕಾಡಿನ ಎಷ್ಟೋ ಭಾಗಗಳಲ್ಲಿ ಬೆರಕೆಯ ಮರಗಳನ್ನು ಕಡಿದು ತೇಗವನ್ನು ನೆಟ್ಟರು. ದಾರಿಯ ಬದಿಯಲ್ಲಿ ಒಂದೇ ದಪ್ಪದ ತೇಗದ ಮರಗಳು ಸಾಲುಸಾಲಾಗಿ ನಿಂತಿರುವುದನ್ನು ಕಂಡರೆ ಅದು ಕಾಡಲ್ಲ, ತೋಟವೆಂದು ತಿಳಿಯಬೇಕು. ತೇಗದ ಎಲೆ ಜಿಂಕೆಗೆ ಮೇವಲ್ಲ. ತೇಗವೇ ತುಂಬಿದ ನೆಲದಲ್ಲಿ ಮೃಗಗಳಿಗೆ ಬೇಕಾದ ವೈವಿಧ್ಯವಿರುವುದಿಲ್ಲ. ಬಿದಿರು ಇದಕ್ಕೆ ವಿರುದ್ಧ. ಅದು ಆನೆಗೂ ಕಾಟಿಗೂ ಇಷ್ಟವಾದ ಆಹಾರ. ಆದರೆ ಬಿದಿರು ಸುಮಾರು ನಾಲ್ವತ್ತು-ಐವತ್ತು ವರ್ಷಗಳಿಗೊಮ್ಮೆ ಒಟ್ಟಾಗಿ ಹೂಬಿಟ್ಟು, ಅಕ್ಕಿಕಟ್ಟಿ, ಒಟ್ಟಾಗಿ ಸಾಯುತ್ತದೆ. ಸತ್ತ ಮೆಳೆಗಳ ಜಾಗವನ್ನು ಹೊಸ ಬಿದಿರು ತುಂಬುವುದಕ್ಕೆ ಮೊದಲೇ ಲಂಟಾನ ನುಗ್ಗಿಬಿಡುತ್ತದೆ. ಒಂದಾನೊಂದು ಕಾಲದಲ್ಲಿ ಹೂವಿನ ಚೆಂದಕ್ಕಾಗಿ ಅಮೆರಿಕ ಖಂಡದಿಂದ ತೋಟಗಳಿಗೆ ತಂದ ಈ ಮುಳ್ಳುಪೊದೆ ಇಂದು ಬಂಡೀಪುರ-ನಾಗರಹೊಳೆಗಳ ನೆಲವನ್ನು ಬಹುದೂರ ಆವರಿಸಿ, ಹುಲ್ಲು ಬೆಳೆಯದಂತೆ ಮಾಡಿದೆ. ದೂರದಿಂದ ನೋಡಿದರೆ ಹಸುರು. ಮೇಯುವ ಪ್ರಾಣಿಗೆ ಮಾತ್ರ ಬರಗಾಲ.

ಕಾಪಾಡಿದ ಕೈಯನ್ನೂ ಹೇಳದಿದ್ದರೆ ಅನ್ಯಾಯವಾದೀತು. ಬೇಟೆಯ ಕಾಡೆಂದು ಅರಸರು ಕಾದಿಟ್ಟದ್ದರಿಂದಲೇ ಈ ಅರಣ್ಯ ನೇಗಿಲಿಗೆ ಸಿಕ್ಕದೆ ಉಳಿಯಿತು. ೧೯೪೧ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರದವರು ಬಂಡೀಪುರದ ಸೀಮೆಯಲ್ಲಿ ವೇಣುಗೋಪಾಲ ವನ್ಯಮೃಗೋದ್ಯಾನವನ್ನು ಏರ್ಪಡಿಸಿದರು. ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರೇ ಆ ಉದ್ಯಾನಕ್ಕೆ ಬಂದಿತು. ೧೯೫೫ರಲ್ಲಿ ನಾಗರಹೊಳೆ ಅಭಯಾರಣ್ಯವಾಯಿತು. ೧೯೭೨ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಮರುವರ್ಷ ಹುಲಿ ಯೋಜನೆಗೆ ದೇಶದಲ್ಲಿ ಮೊದಲು ಆರಿಸಿದ ಒಂಬತ್ತು ಅರಣ್ಯಗಳಲ್ಲಿ ಬಂಡೀಪುರವೂ ಒಂದಾಯಿತು.

ಇನ್ನು ಅಣೆಕಟ್ಟು. ೧೯೭೪ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿಗೆ ಕಟ್ಟೆ ಮುಗಿಯಿತು. ಸುಮಾರು ೧೯,೫೦೦ ದಶಲಕ್ಷ ಘನ ಅಡಿ ನೀರು ನಿಂತು, ಖೆಡ್ಡ ನಡೆಯುತ್ತಿದ್ದ ಕಣಿವೆ, ಹೊಳೆಯ ಎರಡು ದಡಗಳ ದಟ್ಟವಾದ ಕಾಡು, ಹಳ್ಳಿಗಳು, ಗದ್ದೆಗಳು ಮುಳುಗಿದುವು. ಕಾಡಿಗೆ ಇದು ದೊಡ್ಡ ನಷ್ಟ. ಆದರೆ ಯಾರೂ ಎಣಿಸಿರದ ಫಲವೊಂದು ಇದರಿಂದ ಉಂಟಾಯಿತು. ಮಳೆಗಾಲದಲ್ಲಿ ತುಂಬುವ ಜಲಾಶಯ, ಗದ್ದೆಗಳಿಗೆ ನೀರು ಬಿಟ್ಟಂತೆಲ್ಲ, ಬೇಸಗೆಯಲ್ಲಿ ಇಳಿಯುತ್ತ ಹೋಗುತ್ತದೆ. ನೀರು ಹಿಂದೆ ಸರಿದ ಮಣ್ಣಿನ ಮೇಲೆ ಎಳೆಯ ಹುಲ್ಲು ಚಿಗುರುತ್ತದೆ. ಆ ಹೊತ್ತಿಗೆ ಒಳಗಾಡಿನ ಕೆರೆಗಳು ಬತ್ತಿ, ಹುಲ್ಲು ಒಣಗಿ ಒರಟಾಗಿರುತ್ತದೆ. ಬೆಳೆದ ಆನೆಗೆ ದಿನಕ್ಕೆ ಸುಮಾರು ೧೫೦ ಕಿಲೋ ಮೇವು, ನೂರು ಲೀಟರಿಗೂ ಮೇಲ್ಪಟ್ಟು ನೀರು ಬೇಕು. ಎರಡೂ ಒಂದೇ ಕಡೆ ದೊರೆಯುವ ಸ್ಥಳ ಇದೊಂದೇ. ಆದಕಾರಣ ಸುತ್ತಣ ಕಾಡುಗಳಿಂದ ಹಿಂಡಿನ ಮೇಲೆ ಹಿಂಡು ಇಳಿದು ಬಂದು, ಮಾರ್ಚಿಯಿಂದ ಮೇ ತಿಂಗಳವರೆಗೆ ನೂರಾರು ಆನೆಗಳು ದಡದ ಉದ್ದಕ್ಕೂ ಮೇಯುತ್ತವೆ. ಏಷ್ಯದ ಆನೆಗಳು ಇಷ್ಟು ಸಂಖ್ಯೆಯಲ್ಲಿ ಬಯಲಿನಲ್ಲಿ ಕಾಣಸಿಗುವುದು ಬಹಳ ವಿರಳ. ನಾವು ‘ಅನಾದಿಕಾಲದ ದೃಶ್ಯ’ವೆಂದು ಬೆರಗಾಗುವ ಈ ನೋಟಕ್ಕೆ ಅಣೆಕಟ್ಟಿನಷ್ಟೇ ವಯಸ್ಸು.

ಒಂದು ಬೇಸಗೆಯ ಸಂಜೆ ನಾವು ದೋಣಿಯಲ್ಲಿ ಈ ಹಿನ್ನೀರಿನ ಮೇಲೆ ಹೋಗುತ್ತಿದ್ದೆವು. ಮುಳುಗಿ ಸತ್ತ ಮರಗಳ ಬೊಡ್ಡೆಗಳು ನೀರಿನಿಂದ ಮೇಲೆದ್ದು ನಿಂತಿದ್ದುವು. ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರವಿಕೊಂಡು ಕುಳಿತಿದ್ದುವು. ನಮ್ಮಲ್ಲಿ ಒಬ್ಬರು ಅದರ ಸೊಗಸನ್ನು ಕೊಂಡಾಡಿದರು. ದೋಣಿಯಲ್ಲಿದ್ದ ವಯಸ್ಸಾದ ಜೇನುಕುರುಬನೊಬ್ಬನು ಆ ಕಡೆ ಕೈ ತೋರಿಸಿ, ‘ಆ ಎರಡು ಬೊಡ್ಡೆ ಕಾಣ್ತವಲ್ಲ ಸ್ವಾಮಿ, ಅವುಗಳ ಆಚೆ ನಮ್ಮ ಅಜ್ಜನ ಹಾಡಿ ಇತ್ತು’ ಎಂದನು. ಅವನ ದನಿಯಲ್ಲಿ ದೂರಿರಲಿಲ್ಲ. ದಾರಿಹೋಕರಿಗೆ ಊರು ತೋರಿಸುವವನ ದನಿ ಅದು. ನಮಗೆ ಮಾತ್ರ ಆ ಮೇಲೆ ನೀರು ಮೊದಲಿನಂತೆ ಕಾಣಲಿಲ್ಲ.

ಜೇನುಕುರುಬರೂ ಕಾಡುಕುರುಬರೂ ಈ ಅರಣ್ಯದ ಹಳೆಯ ನಿವಾಸಿಗಳು. ಜೇನುಕುರುಬರ ಮಾತು ಕನ್ನಡಕ್ಕೆ ಹತ್ತಿರದ್ದು. ಹೆಜ್ಜೇನನ್ನು ಇಳಿಸುವುದರಲ್ಲಿಯೂ ಆನೆಯನ್ನು ಪಳಗಿಸುವುದರಲ್ಲಿಯೂ ಅವರಿಗೆ ಸಮನಾದವರಿಲ್ಲ. ಖೆಡ್ಡ ನಡೆದದ್ದು ಅವರ ತಿಳಿವಳಿಕೆಯಿಂದ, ಇಂದಿಗೂ ದಸರೆಯ ಆನೆಗಳ ಮಾವುತರಲ್ಲಿ ಅವರೇ ಹಲವರು. ಮಾಸ್ತಿಯವರು ‘ಕಾಕನಕೋಟೆ’ ನಾಟಕದಲ್ಲಿ ಕಾಡುಕುರುಬರ ನಾಯಕನೊಬ್ಬನನ್ನು ನಾಡಿನ ವಿದ್ಯಾವಂತರ ಕಣ್ಮುಂದೆ ನಿಲ್ಲಿಸಿದರು. ರಂಗದ ಮೇಲೆ ಅವನಿಗೆ ಚಪ್ಪಾಳೆ ದೊರೆಯಿತು. ಕಾಡಿನಲ್ಲಿ ಅವನ ವಂಶದವರಿಗೆ ದೊರೆತದ್ದು ಬೇರೆ. ಒಂದು ಕಡೆ ಜಲಾಶಯ, ಇನ್ನೊಂದು ಕಡೆ ಮೃಗಸಂರಕ್ಷಣೆ, ಇವೆರಡರ ನಡುವೆ ಅನೇಕ ಹಾಡಿಗಳು ಎದ್ದುಹೋದುವು. ಜೇನು ಕೀಳಬಾರದು, ಗೆಡ್ಡೆ ಅಗೆಯಬಾರದು ಎಂಬ ಕಾನೂನಿನ ಮಾತು ಅವರಿಗೆ ಹೊಸದಾಗಿತ್ತು.

೧೯೯೦ರ ದಶಕದಲ್ಲಿ ನಾಗರಹೊಳೆಯ ಕಾಡಿನ ಒಳಗೇ ಪ್ರವಾಸಿಗಳಿಗಾಗಿ ಹೋಟೆಲೊಂದು ಏಳಬೇಕೆಂದು ಏರ್ಪಾಡಾಯಿತು. ಗುಡಿಸಲು ಕಟ್ಟಲು ಅವಕಾಶವಿಲ್ಲವೆಂದು ಕೇಳಿಸಿಕೊಂಡ ಜನರೆದುರಿಗೆ ಹೋಟೆಲು ಏಳತೊಡಗಿತು. ಕಾಡಿನವರು ನ್ಯಾಯಾಲಯಕ್ಕೆ ಹೋದರು. ಕೇಂದ್ರ ಸರ್ಕಾರದ ಒಪ್ಪಿಗೆಯಿಲ್ಲದೆ ಅರಣ್ಯವನ್ನು ಹೀಗೆ ಕೊಟ್ಟದ್ದು ಕಾಯಿದೆಗೆ ವಿರುದ್ಧವೆಂದು ೧೯೯೭ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ತೀರ್ಪುಕೊಟ್ಟಿತು. ೨೦೦೬ರಲ್ಲಿ ಅರಣ್ಯವಾಸಿಗಳ ಹಕ್ಕುಗಳನ್ನು ಮನ್ನಿಸುವ ಕಾಯಿದೆಯೂ ಬಂದಿತು. ಕಾಡನ್ನು ಉಳಿಸುವುದು, ಕಾಡಿನವರನ್ನು ಉಳಿಸುವುದು, ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಕೆಲಸ ಇನ್ನೂ ಮುಗಿದಿಲ್ಲ. ನಗರದವರ ವಿನೋದ ಮಾತ್ರ ಇವೆರಡಕ್ಕಿಂತಲೂ ಹಗುರಾದದ್ದೆಂಬುದು ಆ ತೀರ್ಪಿನಿಂದ ನಾವು ಕಲಿಯಬೇಕಾದ ಪಾಠ.

ಹುಲಿಯ ಮಾತನ್ನು ಬಿಟ್ಟರೆ ಶ್ರೋತೃಗಳು ಕ್ಷಮಿಸಲಾರರು. ಹುಲಿಯ ಮೈಯ ಪಟ್ಟೆಗಳು ನಮ್ಮ ಬೆರಳಿನ ಗುರುತಿನಂತೆ, ಒಂದಕ್ಕಿದ್ದಂತೆ ಇನ್ನೊಂದಕ್ಕಿರುವುದಿಲ್ಲ. ಹಿಂದೆ ಹೆಜ್ಜೆಯ ಅಚ್ಚುಗಳನ್ನು ನೋಡಿ ಹುಲಿಗಳನ್ನು ಎಣಿಸುತ್ತಿದ್ದರು; ಅದರಲ್ಲಿ ತಪ್ಪಿಗೆ ಬಹಳ ಅವಕಾಶವಿತ್ತು. ೧೯೯೦ರ ದಶಕದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯ ಕಾಡುದಾರಿಗಳಲ್ಲಿ ತಾನೇ ಚಿತ್ರ ತೆಗೆದುಕೊಳ್ಳುವ ಕ್ಯಾಮರಾಗಳನ್ನಿಟ್ಟು, ಪಟ್ಟೆಗಳಿಂದ ಒಂದೊಂದನ್ನೂ ಗುರುತಿಸಿ ಲೆಕ್ಕಹಾಕುವ ಕ್ರಮವನ್ನು ರೂಢಿಗೆ ತಂದರು. ೨೦೨೨ರ ಎಣಿಕೆಯಂತೆ ಬಂಡೀಪುರದಲ್ಲಿ ೧೫೦, ನಾಗರಹೊಳೆಯಲ್ಲಿ ೧೪೧ ಹುಲಿಗಳಿದ್ದುವು. ಒಂದು ಹುಲಿಗೆ ವರ್ಷಕ್ಕೆ ಜಿಂಕೆಯಷ್ಟು ಗಾತ್ರದ ಸುಮಾರು ಐವತ್ತು ಪ್ರಾಣಿಗಳು ಬೇಕು. ಅಷ್ಟನ್ನು ಕೊಟ್ಟೂ ಬೇಟೆಯ ಹಿಂಡು ಕುಂದದಿರಬೇಕಾದರೆ ಸುಮಾರು ಐನೂರು ಪ್ರಾಣಿಗಳಿರಬೇಕು. ಆದುದರಿಂದ ಹುಲಿಯೆಂದರೆ ಹುಲ್ಲಿನ ಲೆಕ್ಕ, ನೀರಿನ ಲೆಕ್ಕ, ನೆಲದ ಲೆಕ್ಕ. ನೆಲ ಸಾಲದಾದಾಗ ಹುಲಿ ಅಂಚಿನ ಹೊಲಗಳಿಗೆ ಬರುತ್ತದೆ. ೨೦೨೫ರಲ್ಲಿ ಸರಗೂರಿನ ಸುತ್ತಣ ಹಳ್ಳಿಗಳಲ್ಲಿ ಹುಲಿಯಿಂದ ರೈತರ ಪ್ರಾಣಹಾನಿಯಾದಾಗ, ಆ ವರ್ಷದ ನವೆಂಬರಿನಲ್ಲಿ ಸರ್ಕಾರದವರು ಈ ಕಾಡುಗಳಲ್ಲಿ ಪ್ರವಾಸಿಗಳ ಸಫಾರಿಯನ್ನು ನಿಲ್ಲಿಸಿದರು. ಹತ್ತಿಯನ್ನೋ ರಾಗಿಯನ್ನೋ ಬೆಳೆದು ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕಾವಲಿರುವ ಒಕ್ಕಲಿಗನಿಗೆ ಹುಲಿಯೂ ಆನೆಯೂ ರಜದ ವಿನೋದವಲ್ಲ. ನಾವು ಬೆಲೆಕೊಟ್ಟು ನೋಡುವ ಮೃಗಕ್ಕೆ ಅವನು ಬೆಳೆಯನ್ನೂ ಒಮ್ಮೊಮ್ಮೆ ಜೀವವನ್ನೂ ತೆರುತ್ತಾನೆ.

ಹಾಗಾದರೆ ಕಾಡಿಗೆ ಹೋಗಲೇಬಾರದೆ? ಹೋಗಬೇಕು. ನೋಡದವರು ಪ್ರೀತಿಸಲಾರರು, ಪ್ರೀತಿಸದವರು ಉಳಿಸಲಾರರು. ಹೋಗುವವರು ನೋಡುವ ಬಗೆಯನ್ನು ಸ್ವಲ್ಪ ಕಲಿತು ಹೋಗಬೇಕು. ಹುಲಿಯೊಂದನ್ನೇ ಅರಸಿ ಹೊರಟವನು ಹುಲಿ ಕಾಣದಿದ್ದರೆ ಏನನ್ನೂ ಕಾಣದೆ ಹಿಂದಿರುಗುತ್ತಾನೆ. ಮರದ ಮೇಲೆ ಮುಸುವಗಳು ಚಿಗುರು ತಿನ್ನುವಾಗ ಕೆಳಗೆ ಜಿಂಕೆಗಳು ನೆರೆದಿರುವುದನ್ನು ಗಮನಿಸಿರಿ. ಅವು ಉದುರಿಸಿದ ಎಲೆ ಹಣ್ಣು ಇವಕ್ಕೆ ಊಟ. ಮೇಲಿನವನ ಕಣ್ಣು, ಕೆಳಗಿನವನ ಮೂಗು, ಇಬ್ಬರಿಗೂ ಕಾವಲು. ಮುಸುವ ಕೆಮ್ಮಿದಂತೆ ಕೂಗಿದರೆ, ಕಡವೆ ಗಂಟೆ ಹೊಡೆದಂತೆ ಒಮ್ಮೆ ಗರ್ಜಿಸಿದರೆ, ಹುಲಿಯೋ ಚಿರತೆಯೋ ಸಮೀಪದಲ್ಲಿದೆಯೆಂದು ತಿಳಿಯಬಹುದು. ಆಗ ಗಾಡಿಯನ್ನು ನಿಲ್ಲಿಸಿ, ಮಾತನ್ನು ನಿಲ್ಲಿಸಿ, ಕಾಯಬೇಕು. ಆನೆಯ ಹಿಂಡಿನಲ್ಲಿ ಮುಂದೆ ನಡೆಯುವ ಹಿರಿಯ ಹೆಣ್ಣಾನೆಯನ್ನು ನೋಡಿರಿ. ಬರಗಾಲದಲ್ಲಿ ಯಾವ ಕೆರೆಯಲ್ಲಿ ನೀರುಂಟೆಂಬುದು ಅವಳ ನೆನಪಿನಲ್ಲಿದೆ. ಮರಿಗಳು ಬದುಕುವುದು ಆ ನೆನಪಿನಿಂದ. ಅವಳು ಕಿವಿ ಅಗಲಿಸಿ ನಮ್ಮ ಕಡೆ ತಿರುಗಿ ನಿಂತಳೆಂದರೆ ನಾವು ಹಿಂದೆ ಸರಿಯಬೇಕಾದ ಸಮಯವೆಂದು ಅರ್ಥ.

ಕೂಗಾಟ, ಹಾಡಿನ ಯಂತ್ರ, ಗಾಡಿಯಿಂದ ಇಳಿಯುವುದು, ಮೃಗಗಳಿಗೆ ತಿಂಡಿ ಎಸೆಯುವುದು, ಇವು ಬೇಡವೆಂದು ವಿದ್ಯಾವಂತರಿಗೆ ಬೇರೆ ಹೇಳಬೇಕಾಗಿಲ್ಲ ಎಂದುಕೊಂಡಿದ್ದೇವೆ. ಆದರೂ ದಾರಿಯ ಬದಿಯಲ್ಲಿ ಬಿದ್ದಿರುವ ಪೊಟ್ಟಣಗಳನ್ನು ಕಂಡಾಗ ಹೇಳಬೇಕಾಗಿದೆ ಎನಿಸುತ್ತದೆ. ಬೆಂಕಿಯ ವಿಷಯವಂತೂ ಗುರುತರವಾದದ್ದು. ಬೇಸಗೆಯಲ್ಲಿ ಮೊಣಕಾಲುದ್ದ ತರಗೆಲೆ ಬಿದ್ದಿರುವಾಗ ಒಂದು ಬೀಡಿಯ ತುಂಡು ಸಾಕು. ಈ ಕಾಡುಗಳಲ್ಲಿ ಬೀಳುವ ಬೆಂಕಿ ಬಹುಮಟ್ಟಿಗೆ ಮನುಷ್ಯನಿಟ್ಟದ್ದೇ. ೨೦೧೯ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟುಹೋಯಿತು. ಒಣಗಿದ ಲಂಟಾನದ ಪೊದೆಗಳು ಜ್ವಾಲೆಯನ್ನು ಮರದಿಂದ ಮರಕ್ಕೆ ಏರಿಸಿದುವು. ಇನ್ನೊಂದು ರಸ್ತೆಯ ವಿಷಯ. ಬಂಡೀಪುರದ ನಡುವೆ ಹಾದುಹೋಗುವ ಹೆದ್ದಾರಿಗಳಲ್ಲಿ ವಾಹನಗಳಿಗೆ ಸಿಕ್ಕಿ ಮೃಗಗಳು ಸಾಯುತ್ತಿದ್ದುದರಿಂದ, ೨೦೦೯ರಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರವನ್ನು ನಿಲ್ಲಿಸಿದರು. ಇದರಿಂದ ಪ್ರಯಾಣಿಕರಿಗೆ ತೊಂದರೆಯೆಂಬ ವಾದವುಂಟು, ತೊಂದರೆ ನಿಜವೇ. ಆದರೆ ದಿನದ ಇಪ್ಪತ್ನಾಲ್ಕು ಗಂಟೆಗಳಲ್ಲಿ ಒಂಬತ್ತನ್ನು ಕಾಡಿನವಕ್ಕೆ ಬಿಟ್ಟುಕೊಟ್ಟು ಹದಿನೈದನ್ನು ನಾವು ಇಟ್ಟುಕೊಂಡಿದ್ದೇವೆ. ಹಂಚಿಕೆಯಲ್ಲಿ ಹೆಚ್ಚು ಪಾಲು ಯಾರಿಗೆಂಬುದನ್ನು ಶ್ರೋತೃಗಳೇ ಎಣಿಸಿಕೊಳ್ಳಬಹುದು.

ಕಬಿನಿಯ ತೀರದಲ್ಲಿ ಹೊತ್ತು ಮುಳುಗುವಾಗ ಆನೆಗಳು ಸಾಲಾಗಿ ನೀರಿನಿಂದ ಕಾಡಿಗೆ ಏರುತ್ತವೆ. ಆ ನೋಟವನ್ನು ನೀವೂ ನೋಡಬೇಕೆಂಬುದು ನಮ್ಮ ಆಸೆ. ನೋಡುವಾಗ ನೀರಿನೊಳಗೆ ಮುಳುಗಿದ ಕಣಿವೆಯೊಂದಿದೆ, ಅಲ್ಲಿ ಹಾಡಿಗಳಿದ್ದುವು, ದಡದಾಚೆಯ ಹೊಲದಲ್ಲಿ ಒಬ್ಬನು ಇರುಳ ಕಾವಲಿಗೆ ಅಟ್ಟಣೆ ಹತ್ತುತ್ತಿದ್ದಾನೆ ಎಂಬುದನ್ನೂ ನೆನೆಯಿರಿ. ಅದರಿಂದ ನೋಟದ ಸೊಗಸು ಕುಂದುವುದಿಲ್ಲವೆಂಬುದು ನಮ್ಮ ಅನುಭವ. ಮನೆಗೆ ಹಿಂದಿರುಗಿದ ಮೇಲೆ, ಎಷ್ಟು ಮೃಗಗಳನ್ನು ಕಂಡಿರಿ ಎಂದು ಯಾರಾದರೂ ಕೇಳಿದರೆ, ಆ ಮನುಷ್ಯರ ಮಾತನ್ನೂ ಸೇರಿಸಿ ಹೇಳಿರಿ.